ಗಡ್ಡೆಗೆ ಒಂದಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಚುಕಿದರೆ ಸಾಕು. ಕ್ಯಾನ್ಸರ್ ಗಡ್ಡೆಯ ವಿಷಯದಲ್ಲೂ ವೈದ್ಯರು ಬಹುಕಾಲ ಹೀಗೆಯೇ ನಂಬಿದ್ದರು. ಒಂದು ಚೂರು ತೆಗೆದು ಪರೀಕ್ಷಿಸಿ, ಇಡೀ ಗಡ್ಡೆ ಇಂಥದ್ದೆಂದು ತೀರ್ಮಾನಿಸುವುದು. ಈ ಲೆಕ್ಕ ತಪ್ಪಿದ್ದು ಹೇಗೆಂಬ ಕಥೆಯನ್ನು ನಾವು ಹತ್ತನೇ ತರಗತಿಯಲ್ಲಿ ಡಾರ್ವಿನನ ಪಾಠದ ಜೊತೆಗೇ ಹೇಳುತ್ತೇವೆ.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್, ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದ್ದವರ ಜೀವಕೋಶಗಳಲ್ಲಿ ತೀರಾ ಗಿಡ್ಡವಾದ ಒಂದು ವರ್ಣತಂತು ಕಂಡರು. ಇದಕ್ಕೂ ಮೊದಲು ನೋವೆಲ್‌ಗೆ ವರ್ಣತಂತುಗಳು ಚೆನ್ನಾಗಿ ಕಂಡದ್ದೇ ಆಕಸ್ಮಿಕ. ಸ್ಲೈಡನ್ನು ನಲ್ಲಿನೀರಿನಲ್ಲಿ ತೊಳೆದುಬಿಟ್ಟಿದ್ದರು, ಕೋಶಗಳು ಉಬ್ಬಿ ವರ್ಣತಂತುಗಳು ಬಿಡಿಬಿಡಿಯಾದವು! (ಲ್ಯಾಬಿನಲ್ಲಿ ಎಡವಟ್ಟು ಮಾಡುವ ನಮ್ಮ ಮಕ್ಕಳಿಗೆ ಈ ಭಾಗ ಬಲು ಇಷ್ಟ.) 1973ರಲ್ಲಿ ಶಿಕಾಗೋದ ಜಾನೆಟ್ ರೌಲಿ ಗುಟ್ಟು ಬಿಡಿಸಿದರು: 9 ಮತ್ತು 22ನೇ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು.

ಆದರೆ ನೋವೆಲ್ ಅವರ ದೊಡ್ಡ ಕೊಡುಗೆ ಬಂದದ್ದು 1976ರಲ್ಲಿ, 'ಸೈನ್ಸ್' ಪತ್ರಿಕೆಯ ಲೇಖನವೊಂದರಲ್ಲಿ. ಗಡ್ಡೆ ಒಂದೇ ಕೋಶದಿಂದ ಹುಟ್ಟಿದರೂ ಅದರ ಮಕ್ಕಳು ಮೊಮ್ಮಕ್ಕಳು ಒಂದೇ ಥರ ಇರುವುದಿಲ್ಲ. ಒಡೆಯುತ್ತಾ ಬದಲಾಗುತ್ತವೆ, ಗಟ್ಟಿಯಾದವು ಉಳಿದು ಬೆಳೆಯುತ್ತವೆ. ಆದ್ದರಿಂದ ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಚಿಕಿತ್ಸೆ ಬೇಕಾದೀತು, ಅದಕ್ಕೂ ಬಗ್ಗದ ಕೋಶಗಳು ಎದ್ದಾವು ಎಂದು ಅವರು ಆಗಲೇ ಎಚ್ಚರಿಸಿದ್ದರು.

ಹಾಗೆಯೇ ಆಯಿತು. ಆ ಅದಲುಬದಲಿನಿಂದ ಹುಟ್ಟುವ ಪ್ರೋಟೀನಿಗೇ ಗುರಿಯಿಟ್ಟ ಇಮಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಎಷ್ಟೋ ಜನ ಬದುಕಿಕೊಂಡರು. ಅದೇ ವರ್ಷ, ಮದ್ದು ನಾಟದ ಕೆಲವರಲ್ಲಿ ಆ ಪ್ರೋಟೀನಿನ 315ನೇ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದು ಕಂಡಿತು. ಇಂಥ ಬದಲಾದ ಕೋಶಗಳು ಕೆಲವರಲ್ಲಿ ಮಾತ್ರೆ ನುಂಗುವ ಮೊದಲೇ ಇದ್ದವೆಂದು 2002ರಲ್ಲಿ ತಿಳಿಯಿತು. ಮದ್ದು ಉಳಿದವನ್ನು ಕೊಂದು ಇವಕ್ಕೆ ಜಾಗ ಬಿಡಿಸಿಕೊಟ್ಟಿತ್ತು, ಅಷ್ಟೆ.

2012ರಲ್ಲಿ ಲಂಡನ್ನಿನ ಚಾರ್ಲ್ಸ್ ಸ್ವಾಂಟನ್ ತಂಡ ಮೂತ್ರಪಿಂಡದ ಗಡ್ಡೆಗಳ ಹಲವು ಕಡೆಯಿಂದ ಚೂರು ತೆಗೆದು ನೋಡಿತು. ಶೇ. 63ರಿಂದ 69ರಷ್ಟು ಜೀನ್ ಬದಲಾವಣೆಗಳು ಎಲ್ಲ ಚೂರುಗಳಲ್ಲೂ ಇರಲಿಲ್ಲ. ಒಂದೇ ಗಡ್ಡೆಯ ಒಂದು ಚೂರು 'ಗುಣವಾದೀತು' ಎಂದರೆ ಇನ್ನೊಂದು 'ಕಷ್ಟ' ಎನ್ನುತ್ತಿತ್ತು!

ಅಲ್ಲಿಂದ ಗಡ್ಡೆಯನ್ನು ಮರದಂತೆ ನೋಡುವ ಕ್ರಮ ಬಲವಾಯಿತು. ಎಲ್ಲ ಕೋಶಗಳಲ್ಲೂ ಇರುವ ಬದಲಾವಣೆ ಬೊಡ್ಡೆ, ಕೆಲವಲ್ಲಷ್ಟೇ ಇರುವುದು ಕೊಂಬೆ. ಕೊಂಬೆಗೆ ಬಿದ್ದ ಮದ್ದಿನೇಟು ಬೊಡ್ಡೆಗೆ ತಾಗುವುದಿಲ್ಲ. 2014ರಲ್ಲಿ ಅದೇ ತಂಡ ಶುರುಮಾಡಿದ ಟ್ರೇಸರೆಕ್ಸ್ ಅಧ್ಯಯನ ಶ್ವಾಸಕೋಶದ ಕ್ಯಾನ್ಸರನ್ನು ಹೀಗೆಯೇ ಹಿಂಬಾಲಿಸಿತು. 2017ರಲ್ಲಿ ಮೊದಲ 100 ರೋಗಿಗಳ ಫಲಿತಾಂಶ ಬಂತು: ಗಡ್ಡೆಯ ಒಂದೊಂದು ಭಾಗದಲ್ಲಿ ವರ್ಣತಂತುಗಳು ಒಂದೊಂದು ರೀತಿ ಕೆಟ್ಟಿದ್ದವರಲ್ಲಿ ರೋಗ ಮರಳುವ ಅಥವಾ ಸಾವು ಬರುವ ಅಪಾಯ ಹೆಚ್ಚಿತ್ತು.