ಬೈರನ ಬಕಾರ

ಮುಳಬಾಗಿಲು ತಾಲ್ಲೂಕಿನ ಬೈರಕೂರನ್ನು ಯಾರೂ ‘ಭೈರಕೂರು’ ಎಂದು ಬರೆಯುವುದಿಲ್ಲ. ಆ ಊರಿನ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೊದಲು ಕೇಳಿಸುವುದು ಬೈರ. ಕೋಲಾರದ ಸೀಮೆಯಲ್ಲಿ ಬೈರಪ್ಪ, ಬೈರಮ್ಮ, ಬೈರೇಗೌಡ ಎಂದು ಕೂಗಿದರೆ ಓಗೊಡುವವರಿಗೆ ಬರವಿಲ್ಲ.

ಭೈರವ ಎಂದರೆ ನಡುಕ ಹುಟ್ಟಿಸುವವನು, ಶಿವನ ಉಗ್ರರೂಪ, ನಾಯಿಯನ್ನು ವಾಹನ ಮಾಡಿಕೊಂಡವನು. ಕೋಲಾರದ ಹತ್ತಿರ ಸೀತಿ ಬೆಟ್ಟದ ಮೇಲೆ ಅವನ ಗುಡಿಯಿದೆ. ಒಂದು ಕಾಲಕ್ಕೆ ಮೊರಸು ಒಕ್ಕಲಿಗರ ಕೆಲವು ಮನೆಗಳಲ್ಲಿ ಮಗಳ ಕಿವಿ ಚುಚ್ಚುವ ಮುನ್ನ ತಾಯಿ ತನ್ನ ಬೆರಳ ಗೆಣ್ಣನ್ನೇ ಕೊಡಬೇಕಿತ್ತು. ಆ ಹರಕೆಯ ಕಥೆಯೂ ಇದೇ ಬೆಟ್ಟದ್ದು. ಅಂಥವನ ಹೆಸರನ್ನು ತೊಟ್ಟಿಲ ಕೂಸಿಗಿಟ್ಟು, ‘ಲೇ ಬೈರಾ, ಉಣ್ಣಕ್ ಬಾರೋ’ ಎಂದು ಕರೆದವರು ನಮ್ಮ ಹೆಂಗಸರು. ಭಕಾರದ ಉಸಿರು ಹೋದದ್ದೇ ಹೆಸರಿನೊಳಗಿನ ಭಯವೂ ಹೋಯಿತು. ಇದನ್ನು ಉಚ್ಚಾರದೋಷ ಎಂದು ತಿದ್ದುವವರನ್ನು ನಾನು ಒಪ್ಪಲಾರೆ. ಬೆರಳು ಕೇಳಿದ ದೇವರನ್ನು ಮನೆಮಗನನ್ನಾಗಿ ಮಾಡಿಕೊಂಡ ಅಕ್ಷರ ಅದು.

ಇದೇ ಹೆಸರು ಹೊತ್ತ ಮಲ್ಲ ಬೈರೇಗೌಡ 1501ರಲ್ಲಿ ದೇವನಹಳ್ಳಿಯಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ.

ಘಟ್ಟದ ಕೆಳಗೆ ಕಾರ್ಕಳದಲ್ಲಿ ಅರಸರ ಮನೆತನಕ್ಕೇ ಭೈರರಸರೆಂದು ಹೆಸರು. ಇಮ್ಮಡಿ ಭೈರರಸ 1586ರಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿಯನ್ನು ಕಟ್ಟಿಸಿದ. ಜಿನನಿಗೆ ಕೈಮುಗಿಯುವವನ ಹೆಸರಿನಲ್ಲಿ ಶಿವನ ಉಗ್ರರೂಪ ಇತ್ತು. ಅದರಿಂದ ಯಾರಿಗೂ ಇರಿಸುಮುರಿಸಾದಂತಿಲ್ಲ.

ನಮ್ಮ ಕಾಲದಲ್ಲಿ ವೇಮಗಲ್‌ನಿಂದ ಗೆದ್ದು ರಾಜ್ಯದ ಕೃಷಿ ಮಂತ್ರಿಯಾದವರು ಸಿ. ಬೈರೇಗೌಡರು. 2003ರಲ್ಲಿ ತೀರಿಕೊಂಡರು. ಮಗ ಕೃಷ್ಣ ಬೈರೇಗೌಡರ ಹೆಸರಿನ ಅರ್ಧ ಅಪ್ಪನದೇ.

ಇನ್ನೊಬ್ಬರು ಹಾಸನ ಜಿಲ್ಲೆಯ ಸಂತೇಶಿವರದವರು. ಬಾಲ್ಯದಲ್ಲೇ ಪ್ಲೇಗು ತಾಯಿಯನ್ನೂ ಒಡಹುಟ್ಟಿದವರನ್ನೂ ಒಯ್ದಿತ್ತು. ಸಾವನ್ನು ಅಷ್ಟು ಹತ್ತಿರದಿಂದ ಕಂಡ ಹುಡುಗ ತತ್ತ್ವಶಾಸ್ತ್ರ ಓದಿದ, ಅದನ್ನೇ ಕಲಿಸಿದ. 1979ರಲ್ಲಿ ಅವರ ‘ಪರ್ವ’ ಕಾದಂಬರಿ ಬಂತು, ‘ಮಂದ್ರ’ ಕಾದಂಬರಿಗೆ 2010ರ ಸರಸ್ವತಿ ಸಮ್ಮಾನ. 2025ರ ಸೆಪ್ಟೆಂಬರ್ 24ರಂದು ಅವರು ಹೋದರು. ಪುಸ್ತಕಗಳ ಮುಖಪುಟದಲ್ಲಿ ಅವರು ಕೊನೆಯವರೆಗೂ ಮಹಾಪ್ರಾಣದ ಎಸ್.ಎಲ್. ಭೈರಪ್ಪ. ಆ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿದ ನಮ್ಮೂರುಗಳ ಬಾಯಲ್ಲಿ ಮಾತ್ರ ‘ಬೈರಪ್ಪನೋರು’.