ಮಗು ಯಾರದು? ‘ವಂಶವೃಕ್ಷ’ ಓದಿದವರ ಅರವತ್ತು ವರ್ಷಗಳು

ಮಂಡಿಕಲ್ ಹೋಬಳಿಯ ಹಳ್ಳಿಯೊಂದರಲ್ಲಿ ನಮ್ಮವರ ಮನೆಗೆ ಹೋಗಿದ್ದಾಗ ನೆರೆಮನೆಯ ನಿವೃತ್ತ ಮೇಷ್ಟ್ರು ಮಾತನಾಡಿಸಲು ಬಂದರು. ಎಸ್.ಎಲ್. ಭೈರಪ್ಪನವರು ತೀರಿಕೊಂಡು (24 ಸೆಪ್ಟೆಂಬರ್ 2025) ಕೆಲವೇ ವಾರಗಳಾಗಿದ್ದವು. ಮಾತು ಸಹಜವಾಗಿ ‘ವಂಶವೃಕ್ಷ’ದ ಕಡೆಗೆ ಹೊರಳಿತು. ಬೆಂಗಳೂರಿನಲ್ಲಿ ದಾದಿಯಾಗಿ ದುಡಿಯುವ, ರಜೆಗೆಂದು ಬಂದಿದ್ದ ಅವರ ಸೊಸೆ ಒಳಗಿನಿಂದಲೇ, “ಆ ಪುಸ್ತಕ ನನಗೆ ಸೇರೋದಿಲ್ಲ ಮಾವ, ಕಾತ್ಯಾಯಿನಿಗೆ ಅದರಲ್ಲಿ ನ್ಯಾಯ ಇಲ್ಲ” ಎಂದಳು. ಮೇಷ್ಟ್ರು ಉತ್ತರಿಸಲಿಲ್ಲ. ಅವರ ಮೌನದ ಕಾರಣ ನನಗೆ ತಿಳಿದದ್ದು ಆಮೇಲೆ.

ಓದುಗರು ನೆನಪಿಸಿಕೊಳ್ಳಲೆಂದು ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಒಬ್ಬನೇ ಮಗ ಕಪಿಲಾ ನದಿಯ ಪಾಲಾಗುತ್ತಾನೆ. ವಿಧವೆ ಸೊಸೆ ಕಾತ್ಯಾಯಿನಿ ಕಾಲೇಜಿಗೆ ಸೇರುತ್ತಾಳೆ. ಅಲ್ಲಿ ರಾಜ ಎಂಬ ಯುವ ಅಧ್ಯಾಪಕನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮಗನನ್ನು ಕರೆದೊಯ್ಯಲು ಬಂದಾಗ ಮಾವ ಅಡ್ಡಗಟ್ಟುವುದಿಲ್ಲ. ಮಗು ವಂಶಕ್ಕೆ ಸೇರಿದ್ದೆಂದು ವಾದಿಸಿ, ನಿರ್ಧಾರವನ್ನು ಆಕೆಗೇ ಬಿಡುತ್ತಾರೆ. ಆಕೆ ಬರಿಗೈಯಲ್ಲಿ ಹಿಂದಿರುಗುತ್ತಾಳೆ. ಹೊಸ ಸಂಸಾರದಲ್ಲಿ ಗರ್ಭ ನಿಲ್ಲುವುದಿಲ್ಲ. ದೇಹವೂ ಮನಸ್ಸೂ ಕುಸಿಯುತ್ತವೆ. ಇತ್ತ ಶ್ರೋತ್ರಿಗಳಿಗೆ ತಾವೇ ತಮ್ಮ ತಂದೆಯ ರಕ್ತದಿಂದ ಹುಟ್ಟಿದವರಲ್ಲವೆಂಬ ಸತ್ಯ ಗೊತ್ತಾಗುತ್ತದೆ. ದಾಯಾದಿಗೆ ಆಸ್ತಿ ಹೋಗಬಾರದೆಂಬ ಹಠಕ್ಕೆ ಹಿರಿಯರು ಮಾಡಿದ್ದ ಏರ್ಪಾಡು ಅದು.

ಈ ಕಾದಂಬರಿ ಹೊರಬಂದ 1965ರಲ್ಲಿಯೇ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ ಪ್ರಕಟವಾಯಿತು. ಎರಡೂ ಬ್ರಾಹ್ಮಣ ಕುಟುಂಬಗಳ ಒಳಗಿನ ಬಿರುಕನ್ನು ಕುರಿತವು. ನವ್ಯ ವಿಮರ್ಶೆ ‘ಸಂಸ್ಕಾರ’ವನ್ನು ಎತ್ತಿ ಹಿಡಿದಷ್ಟು ‘ವಂಶವೃಕ್ಷ’ವನ್ನು ಹಿಡಿಯಲಿಲ್ಲ. ಸಾಮಾನ್ಯ ಓದುಗರಾದರೋ ‘ವಂಶವೃಕ್ಷ’ವನ್ನು ಮನೆಮನೆಗೆ ಒಯ್ದರು. ಅಂದಿನಿಂದಲೂ ಅದರ ಓದುಗರಲ್ಲಿ ಎರಡು ಪಂಗಡ. ಶ್ರೋತ್ರಿಗಳ ನಿಷ್ಠೆಗೆ ಕೈಮುಗಿಯುವವರು ಒಂದು ಕಡೆ. ಪುನರ್ವಿವಾಹವಾದ ಹೆಣ್ಣಿಗೆ ಬಂಜೆತನವನ್ನೂ ಸಾವನ್ನೂ ವಿಧಿಸಿದ ಲೇಖಕರು ನಿಷ್ಪಕ್ಷಪಾತಿಗಳಲ್ಲವೆಂದು ದೂರುವವರು ಇನ್ನೊಂದು ಕಡೆ. ಸೆಮಿನರಿಯಲ್ಲಿದ್ದಾಗ ನಾನು ಮೊದಲ ಪಂಗಡದವನು. ಇಪ್ಪತ್ತರ ವಯಸ್ಸಿನಲ್ಲಿ ತ್ಯಾಗವೆಂದರೆ ಯಾರಿಗೆ ತಾನೆ ಇಷ್ಟವಿಲ್ಲ!

ಗಿರೀಶ್ ಕಾರ್ನಾಡ್ ಮತ್ತು ಬಿ.ವಿ. ಕಾರಂತರು ಈ ಕಥೆಯನ್ನು ಚಲನಚಿತ್ರವಾಗಿಸಿ 1971ನೆಯ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡರು. ವೆಂಕಟರಾವ್ ತಲಗೇರಿಯವರು ಶ್ರೋತ್ರಿಗಳಾದರು, ಎಲ್.ವಿ. ಶಾರದಾ ಕಾತ್ಯಾಯಿನಿಯಾದರು. ಮುಂದೆ ವಿಷ್ಣುವರ್ಧನ್ ಎಂದು ಹೆಸರಾದ ತರುಣ ಅದರಲ್ಲೊಂದು ಸಣ್ಣ ಪಾತ್ರದಲ್ಲಿದ್ದ. ಪುಸ್ತಕದಲ್ಲಿ ವಾದಗಳಾಗಿದ್ದವು ತೆರೆಯ ಮೇಲೆ ಮುಖಗಳಾದವು; ಕಾತ್ಯಾಯಿನಿಯ ಮುಖವನ್ನು ನೋಡಿದವರಿಗೆ ಆಕೆಯನ್ನು ದೂರುವುದು ಕಷ್ಟವಾಯಿತೆಂದು ನನ್ನ ಊಹೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಕಾರಂತರ ಪತ್ನಿ ಪ್ರೇಮಾ ಕಾರಂತರು ತೆರೆಗೆ ತಂದಾಗ, ಮಡಿಹೆಂಗಸಾಗಿ ಬಾಳಿದ ಫಣಿಯಮ್ಮನ ಪಾತ್ರವನ್ನೂ ಇದೇ ಶಾರದಾ ವಹಿಸಿದರು. ಮರುಮದುವೆಯಾದ ವಿಧವೆ, ಆಗಲಾರದೇ ಉಳಿದ ವಿಧವೆ, ಎರಡಕ್ಕೂ ಒಂದೇ ಮುಖ.

ನಮ್ಮ ಚಿಕ್ಕಬಳ್ಳಾಪುರ ಸೀಮೆಗೆ ಈ ಕಥೆ ಇನ್ನೊಂದು ದಾರಿಯಿಂದಲೂ ಬಂತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬಂಥ ಊರುಗಳಿವು. 1980ರಲ್ಲಿ ಬಾಪು ಅವರು ‘ವಂಶವೃಕ್ಷಂ’ ಎಂಬ ತೆಲುಗು ಚಿತ್ರವನ್ನು ಮಾಡಿದರು. ಜೆ.ವಿ. ಸೋಮಯಾಜುಲು ಅವರ ಜೊತೆ, ಆಗಿನ್ನೂ ಯಾರಿಗೂ ಗೊತ್ತಿಲ್ಲದ ಅನಿಲ್ ಕಪೂರ್ ಅದರಲ್ಲಿ ನಾಯಕ. ಕನ್ನಡದಲ್ಲಿ ಓದಿ ತೆಲುಗಿನಲ್ಲಿ ನೋಡಿದವರ ಪೈಕಿ ನಮ್ಮ ಮೇಷ್ಟ್ರೂ ಒಬ್ಬರು.

ವಿಧವೆಯ ಮರುಮದುವೆ ಕನ್ನಡ ಕಾದಂಬರಿಗೆ ಹೊಸ ವಸ್ತುವೇನಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಾಗಲೇ ಬಾಲವಿಧವೆಯೊಬ್ಬಳಿಗೆ ಓದು, ಮದುವೆ, ಸುಖ ಎಲ್ಲವನ್ನೂ ಕೊಟ್ಟಿತ್ತು. ಆದರೆ ಇಂದಿರೆಗೆ ಮಗುವಿರಲಿಲ್ಲ. ಭೈರಪ್ಪನವರು ಪ್ರಶ್ನೆಯನ್ನು ಕಠಿಣಗೊಳಿಸಿದ್ದು ಅಲ್ಲಿಯೇ. ವಿಧವೆ ಮದುವೆಯಾಗಬಹುದೇ ಎಂಬುದಕ್ಕೆ ಬ್ರಿಟಿಷ್ ಇಂಡಿಯಾದ ಕಾನೂನು 1856ರಲ್ಲಿಯೇ ಹೌದೆಂದಿತ್ತು. ಆದರೆ ಅದೇ ಕಾನೂನಿನ ಎರಡನೆಯ ಕಲಮು ಮರುಮದುವೆಯಾದವಳಿಂದ ಗತಿಸಿದ ಗಂಡನ ಆಸ್ತಿಯ ಹಕ್ಕನ್ನು ಕಿತ್ತುಕೊಂಡಿತು. ಮೂರನೆಯ ಕಲಮು, ಗಂಡ ಉಯಿಲಿನಲ್ಲಿ ಯಾರನ್ನೂ ಪೋಷಕರಾಗಿ ನೇಮಿಸಿರದಿದ್ದರೆ, ಅವನ ಕಡೆಯ ನೆಂಟರು ನ್ಯಾಯಾಲಯಕ್ಕೆ ಹೋಗಿ ಮಕ್ಕಳಿಗೆ ಬೇರೆ ಪೋಷಕರನ್ನು ಕೇಳಲು ಅವಕಾಶವಿತ್ತಿತು. ವಿದ್ಯಾಸಾಗರರು ಹೋರಾಡಿ ಗಳಿಸಿದ ಕಾನೂನಿನಲ್ಲಿಯೇ ಶ್ರೋತ್ರಿಗಳ ವಾದ ಅಡಗಿ ಕುಳಿತಿತ್ತೆನ್ನಬೇಕು. ಆ ಕಾನೂನು ರದ್ದಾದದ್ದು 1983ರಲ್ಲಿ.

ಇದು ಮೇಲ್ಜಾತಿಯವರ ಸಂಕಟ ಮಾತ್ರ, ದುಡಿಯುವ ಜಾತಿಗಳಲ್ಲಿ ಮರುಮದುವೆ ಎಂದಿನಿಂದಲೂ ಇತ್ತು ಎಂದು ಕೆಲವರು ಹೇಳುವುದುಂಟು. ಇತ್ತು, ನಿಜ. ಕೂಡಿಕೆ, ಸೀರುಡಿಕೆ ಎಂಬ ಹೆಸರುಗಳಲ್ಲಿ ಅನೇಕ ಸಮುದಾಯಗಳು ಅದನ್ನು ಒಪ್ಪಿದ್ದವು. ಆದರೆ ಅಲ್ಲಿಯೂ ಮೊದಲ ಗಂಡನ ಮಕ್ಕಳು ಹೆಚ್ಚಾಗಿ ಅವನ ಮನೆಗೇ ಸೇರುತ್ತಿದ್ದವು. ಶಾಸ್ತ್ರ ಓದಿದವರೂ ಓದದವರೂ ಈ ಒಂದು ವಿಷಯದಲ್ಲಿ ಒಂದಾಗಿದ್ದರು.

ಯೆಹೂದ್ಯರೂ ಹೊರತಲ್ಲ. ಮಕ್ಕಳಿಲ್ಲದೆ ಸತ್ತವನ ಹೆಂಡತಿಯನ್ನು ಸೋದರನು ವರಿಸಿ ಅಣ್ಣನ ಹೆಸರು ಅಳಿಯದಂತೆ ನೋಡಿಕೊಳ್ಳಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಆ ಕರ್ತವ್ಯದಿಂದ ಯೂದನ ಮನೆ ತಪ್ಪಿಸಿಕೊಂಡಾಗ ಸೊಸೆ ತಾಮಾರಳು ವೇಷ ಮರೆಸಿ ಮಾವನಿಂದಲೇ ಮಕ್ಕಳನ್ನು ಪಡೆದಳು. ಸಂತ ಮತ್ತಾಯನು ತನ್ನ ವಂಶಾವಳಿಯಲ್ಲಿ ಆಕೆಯ ಹೆಸರನ್ನು ಮುಚ್ಚಿಡಲಿಲ್ಲ. ರಾಹಾಬಳನ್ನು, ಮರುಮದುವೆಯಾದ ವಿಧವೆ ರೂತಳನ್ನು, ಊರೀಯನ ಹೆಂಡತಿಯನ್ನು ಪಕ್ಕದಲ್ಲೇ ಬರೆದ. ಅಷ್ಟೆಲ್ಲ ಹೆಸರುಗಳ ಆ ಪಟ್ಟಿ ಕೊನೆಗೆ ಬಂದು ನಿಲ್ಲುವುದು ಜೋಸೆಫರ ಬಳಿ, ರಕ್ತಸಂಬಂಧದಿಂದ ತಂದೆಯಲ್ಲದವರ ಬಳಿ. ಶ್ರೋತ್ರಿಗಳು ತಮ್ಮ ಹುಟ್ಟಿನ ಗುಟ್ಟನ್ನು ತಿಳಿಯುವ ಅಧ್ಯಾಯವನ್ನು ಓದುವಾಗಲೆಲ್ಲ ನನಗೆ ಈ ಪಟ್ಟಿಯೇ ಕಣ್ಣಮುಂದೆ ಬರುತ್ತದೆ. ಮೇಷ್ಟ್ರ ಸೊಸೆಯ ದೂರಿನಲ್ಲಿ ಹುರುಳಿದೆ. ಕಾತ್ಯಾಯಿನಿಗೆ ಆಯ್ಕೆಯನ್ನು ಕೊಟ್ಟಂತೆ ಮಾಡಿ ಲೇಖಕರು ತಕ್ಕಡಿಯ ಒಂದು ತಟ್ಟೆಯನ್ನು ಬೆರಳಿನಿಂದ ಒತ್ತಿದ್ದಾರೆ. ಆದರೆ ಯಾವ ವಂಶದ ಹೆಸರಿನಲ್ಲಿ ತಾಯಿಯಿಂದ ಮಗು ದೂರವಾಯಿತೋ ಆ ವಂಶವೇ ಬೇರಿಲ್ಲದ್ದೆಂದು ತೋರಿಸಿದವರೂ ಅವರೇ. ಶ್ರೋತ್ರಿಗಳಿಗೆ ಕೈಮುಗಿಯುವವರು ಈ ಪುಟಗಳನ್ನು ಬೇಗ ಬೇಗ ಮಗುಚುತ್ತಾರೆಂದು ನನ್ನ ಅನುಮಾನ.

ಮೇಷ್ಟ್ರ ವಿಚಾರ. ಕಾಫಿಯ ಲೋಟವನ್ನು ಕೆಳಗಿಟ್ಟು ಅವರು ಹೇಳಿದ್ದನ್ನು, ಅವರ ಅನುಮತಿಯಿಂದಲೇ, ಇಲ್ಲಿ ಬರೆಯುತ್ತಿದ್ದೇನೆ. ಅವರಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ಹೋದರು. ಎರಡು ವರ್ಷಕ್ಕೆ ತಾಯಿಗೆ ಬೇರೆ ಊರಿನವರೊಡನೆ ಸೀರುಡಿಕೆಯಾಯಿತು. ಹುಡುಗ ತಾತನ ಬಳಿ ಉಳಿದ. ತಾತ ಒಳ್ಳೆಯವರು, ಓದಿಸಿದರು, ತಾಯಿಯ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಒಳ್ಳೆಯ ಮಾತನ್ನೂ ಆಡಲಿಲ್ಲ. “ಎಲ್ಲರೂ ಶ್ರೋತ್ರಿ ಸರಿಯೋ ಕಾತ್ಯಾಯಿನಿ ಸರಿಯೋ ಅಂತ ಜಗಳ ಆಡ್ತಾರೆ ಫಾದರ್. ಆ ಹುಡುಗ ಚೀನಿ ಏನಾದ ಅಂತ ಯಾರೂ ಕೇಳಲ್ಲ” ಎಂದರು. ತಾಯಿ ಪಾಠ ಹೇಳುವ ಕಾಲೇಜಿಗೇ ಮಗ ವಿದ್ಯಾರ್ಥಿಯಾಗಿ ಬಂದು, ಅವಳನ್ನು ತಾಯಿಯೆಂದು ಒಪ್ಪದೆ ಬಿಗಿದುಕೊಳ್ಳುವ ಭಾಗವನ್ನು ಅವರು ಒಮ್ಮೆಗೇ ಓದಲಾರದೆ ಪುಸ್ತಕವನ್ನು ಮುಚ್ಚಿಟ್ಟಿದ್ದರಂತೆ.

ತೆಲುಗು ಚಿತ್ರವನ್ನು ನೋಡಿದ ಮರುವಾರ, ಮೂವತ್ತು ದಾಟಿದ ಮೇಲೆ, ಅವರು ಮೊದಲ ಬಾರಿಗೆ ತಾಯಿಯ ಊರಿಗೆ ಬಸ್ಸು ಹತ್ತಿದರು. ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದ ಮುದುಕಿ ತಲೆಯೆತ್ತಿ ಬಹಳ ಹೊತ್ತು ನೋಡಿ, ‘ತಿಂಟಿವಾ?’ ಎಂದರಂತೆ, ಊಟವಾಯಿತೇ ಎಂದು. ಬೇರೆ ಮಾತಾಗಲಿಲ್ಲ. ಆಮೇಲೆ ಅವರು ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದರು.

ಅಷ್ಟರಲ್ಲಿ ಸೊಸೆ ಬಾಗಿಲಿಗೆ ಬಂದು ನಿಂತಿದ್ದಳು. ಈ ಕಥೆಯನ್ನು ಆಕೆಯೂ ಅಂದೇ ಮೊದಲು ಕೇಳಿದ್ದು. “ಆ ಪುಸ್ತಕ ಎಲ್ಲಿದೆ ಮಾವ, ಕೊಡಿ” ಎಂದಳು. ಅದರ ರಟ್ಟು ಎಂದೋ ಕಿತ್ತುಹೋಗಿತ್ತು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹೊದಿಸಿದ್ದರು.