ಪರಿಚಿತರ ಹೆಸರಿನಲ್ಲಿ ಬರುವ ಹುಳು

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟರು ಒಂದು ಬೆಳಿಗ್ಗೆ ಫೋನ್ ಮಾಡಿದರು. "ಏನಪ್ಪಾ, ನೀನು ಕಳಿಸಿದ ಇ-ಮೇಲ್ ಬಂತು. ಜೊತೆಗಿದ್ದ ಕಡತ ತೆರೆದೆ. ಏನೂ ಕಾಣಿಸಲಿಲ್ಲವಲ್ಲ?" ಎಂದರು. ನಾನು ಅವರಿಗೆ ಏನನ್ನೂ ಕಳಿಸಿರಲಿಲ್ಲ. ಆದರೆ ಹಿಂದಿನ ದಿನವಷ್ಟೇ ಗೆಳೆಯನ ಹೆಸರಿನಲ್ಲಿ ಬಂದಿದ್ದ ಅಂಥದೇ ಒಂದು ಕಡತವನ್ನು ನಾನೂ ತೆರೆದು, ಏನೂ ಕಾಣದೆ ಮುಚ್ಚಿದ್ದೆ. ವಾರದೊಳಗೆ ಮೇಷ್ಟರ ಗಣಕಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಅಣಿಗೊಳಿಸಬೇಕಾಯಿತು. ನಿವೃತ್ತಿಯ ನಂತರ ಅವರು ಒಂದೊಂದೇ ಬೆರಳಿನಲ್ಲಿ ಟೈಪ್ ಮಾಡಿದ್ದ ಪಾಠದ ಟಿಪ್ಪಣಿಗಳೆಲ್ಲ ಅದರಲ್ಲಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. "ನಿನ್ನ ಹೆಸರಿತ್ತಲ್ಲ, ಅದಕ್ಕೇ ತೆರೆದೆ" ಎಂದಷ್ಟೇ ಹೇಳಿದರು.

ಇ-ಮೇಲ್ ಹುಳುಗಳ ಇಡೀ ಇತಿಹಾಸ ಆ ಒಂದು ಮಾತಿನಲ್ಲಿದೆ. ದೂರದರ್ಶನದ ಮಾತುಕತೆಯಲ್ಲಿ ಎಚ್ಚರಿಕೆಯ ಕ್ರಮಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಸಮಯ ಮುಗಿದುಹೋಗುತ್ತದೆ. ಆ ಕ್ರಮಗಳು ಯಾವ ಪೆಟ್ಟು ತಿಂದು ಹುಟ್ಟಿದವು ಎಂಬುದನ್ನು ವಿದ್ಯಾರ್ಥಿಗಳು ನಿಧಾನವಾಗಿ ಓದಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ಗಣಕದ ವೈರಸ್ ಇನ್ನೊಂದು ಪ್ರೋಗ್ರಾಮಿಗೆ ಅಂಟಿಕೊಂಡು ಬದುಕುತ್ತದೆ. ಹುಳುವಿಗೆ ಅಂಥ ಆಸರೆ ಬೇಡ. ಅದೇ ಒಂದು ಪೂರ್ಣ ಪ್ರೋಗ್ರಾಮು. ತನ್ನ ಪ್ರತಿಯನ್ನು ತಾನೇ ತಯಾರಿಸಿ ಜಾಲದ ಮೂಲಕ ಮುಂದಿನ ಗಣಕಕ್ಕೆ ಕಳಿಸುತ್ತದೆ. ಈ ಹೆಸರು ಬಂದದ್ದು ಇಂಗ್ಲಿಷ್ ಲೇಖಕ ಜಾನ್ ಬ್ರನರ್ 1975ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯಿಂದ. ಆದರೆ ವಸ್ತು ಹೆಸರಿಗಿಂತ ಹಳೆಯದು. 1971ರಲ್ಲಿ ಅಮೆರಿಕದ ಬಾಬ್ ಥಾಮಸ್ ಎಂಬ ಎಂಜಿನಿಯರ್ 'ಕ್ರೀಪರ್' ಎಂಬ ಪ್ರೋಗ್ರಾಮ್ ಬರೆದರು. ಅದು ಆರ್ಪಾನೆಟ್ ಎಂಬ ಅಂದಿನ ಜಾಲದಲ್ಲಿ ಗಣಕದಿಂದ ಗಣಕಕ್ಕೆ ಸಾಗಿ ಪರದೆಯ ಮೇಲೆ ತಮಾಷೆಯ ಸಾಲೊಂದನ್ನು ಮೂಡಿಸುತ್ತಿತ್ತು, ಅಷ್ಟೆ. ಅದನ್ನು ಹುಡುಕಿ ಅಳಿಸಲು 'ರೀಪರ್' ಬರೆದವರು ರೇ ಟಾಮ್ಲಿನ್ಸನ್. ಜಾಲದ ಮೂಲಕ ಮೊದಲ ಇ-ಮೇಲ್ ಕಳಿಸಿದವರೂ, ವಿಳಾಸದ ನಡುವೆ 'ಅಟ್' ಚಿಹ್ನೆ ಇಟ್ಟವರೂ ಇದೇ ಟಾಮ್ಲಿನ್ಸನ್! ಇ-ಮೇಲ್ ಮತ್ತು ಹುಳು ಒಂದೇ ಅಂಗಳದಲ್ಲಿ ಆಡಿ ಬೆಳೆದ ಮಕ್ಕಳು ಎನ್ನಬಹುದು.

ಅಂಚೆಯ ಬೆನ್ನೇರಿ ದೊಡ್ಡ ಪ್ರಮಾಣದಲ್ಲಿ ಹರಡಿದ ಮೊದಲ ಹುಳು ಬಂದದ್ದು 1987ರ ಡಿಸೆಂಬರಿನಲ್ಲಿ. ಪಶ್ಚಿಮ ಜರ್ಮನಿಯ ಕ್ಲಾಸ್ಟಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಹಬ್ಬದ ಶುಭಾಶಯವಾಗಿ ಅದನ್ನು ಬರೆದಿದ್ದ. ಚಲಾಯಿಸಿದರೆ ಪರದೆಯ ಮೇಲೆ ಕ್ರಿಸ್‌ಮಸ್ ಮರದ ಚಿತ್ರ ಮೂಡುತ್ತಿತ್ತು. ನೋಡುವವರು ಮರವನ್ನು ನೋಡುತ್ತಿರುವಾಗ ಪ್ರೋಗ್ರಾಮು ಅವರು ಪತ್ರವ್ಯವಹಾರ ಮಾಡಿದ್ದವರ ಪಟ್ಟಿಯನ್ನು ಓದಿ, ಎಲ್ಲರಿಗೂ ತನ್ನ ಪ್ರತಿಯನ್ನು ರವಾನಿಸುತ್ತಿತ್ತು. ಯುರೋಪಿನ ಮತ್ತು ಅಮೆರಿಕದ ವಿಶ್ವವಿದ್ಯಾಲಯಗಳ ಜಾಲಗಳನ್ನು ದಾಟಿ ಅದು ಐಬಿಎಂ ಕಂಪನಿಯ ಒಳಜಾಲವನ್ನೂ ಕಟ್ಟಿಹಾಕಿತು. ಬಂದ ಪ್ರೋಗ್ರಾಮನ್ನು ಬೇಕಿದ್ದರೆ ಓದಿ ನೋಡಬಹುದಾಗಿತ್ತು. ಆದರೆ ಪರಿಚಿತರು ಕಳಿಸಿದ ಶುಭಾಶಯವನ್ನು ಯಾರು ತಾನೇ ಪರೀಕ್ಷಿಸುತ್ತಾರೆ?

ಮರುವರ್ಷ, 1988ರ ನವೆಂಬರ್ 2ರಂದು, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಟಪ್ಪನ್ ಮಾರಿಸ್ ಇನ್ನೊಂದು ಹುಳುವನ್ನು ಇಂಟರ್‌ನೆಟ್ಟಿಗೆ ಬಿಟ್ಟ. ಅದಕ್ಕೆ ಮನುಷ್ಯರ ಕೈ ಬೇಕಿರಲಿಲ್ಲ. ಅಂಚೆ ಸಾಗಿಸುವ 'ಸೆಂಡ್‌ಮೇಲ್' ತಂತ್ರಾಂಶದಲ್ಲಿದ್ದ ಒಂದು ದೋಷ, ಇನ್ನೊಂದು ತಂತ್ರಾಂಶದ ದೋಷ, ಜನ ಇಟ್ಟುಕೊಂಡಿದ್ದ ಸುಲಭದ ಗುಪ್ತಪದಗಳು, ಇವೇ ಅದಕ್ಕೆ ಬಾಗಿಲುಗಳಾದವು. ಗಣಕದಲ್ಲಿ ಈಗಾಗಲೇ ತನ್ನ ಪ್ರತಿ ಇದೆಯೇ ಎಂದು ಅದು ವಿಚಾರಿಸುತ್ತಿತ್ತು. ಆದರೆ 'ಇದೆ' ಎಂದು ಉತ್ತರ ಬಂದರೂ ಏಳು ಸಲಕ್ಕೆ ಒಂದು ಸಲ ಒಳಹೊಕ್ಕು ಕೂರುವಂತೆ ಮಾರಿಸ್ ಅದನ್ನು ಬರೆದಿದ್ದ. ಈ ಒಂದು ಲೆಕ್ಕ ತಪ್ಪಿತು. ಒಂದೇ ಗಣಕದಲ್ಲಿ ಹತ್ತಾರು ಪ್ರತಿಗಳು ಸೇರಿ, ಯಾವ ಕಡತವನ್ನೂ ಅಳಿಸದೆ, ಬರಿಯ ಭಾರದಿಂದಲೇ ಅದನ್ನು ಕುಸಿಯುವಂತೆ ಮಾಡಿದವು. ಆಗ ಜಾಲದಲ್ಲಿದ್ದ ಸುಮಾರು 60,000 ಗಣಕಗಳಲ್ಲಿ 6,000ಕ್ಕೆ ಸೋಂಕು ತಗುಲಿತ್ತೆಂಬುದು ಅಂದಿನ ಅಂದಾಜು. ಮಾರಿಸ್‌ಗೆ ಮೂರು ವರ್ಷಗಳ ಪರಿವೀಕ್ಷಣೆ, 400 ಗಂಟೆಗಳ ಸಮಾಜಸೇವೆ ಮತ್ತು 10,050 ಡಾಲರ್ ದಂಡ ವಿಧಿಸಲಾಯಿತು. ಇಂಥ ಆಪತ್ತಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿಸುವ ತಂಡವೊಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆ ವರ್ಷವೇ ಆರಂಭವಾಯಿತು. ಭಾರತದಲ್ಲಿ ಅಂಥದೇ ಕೆಲಸ ಮಾಡುವ 'ಸರ್ಟ್-ಇನ್' ಸಂಸ್ಥೆ ಕಾರ್ಯಾರಂಭ ಮಾಡಿದ್ದು 2004ರ ಜನವರಿಯಲ್ಲಿ.

ತಂತ್ರಾಂಶದ ದೋಷವನ್ನು ಪತ್ತೆಹಚ್ಚಿ ತೇಪೆ ಹಾಕಬಹುದು. ಮನುಷ್ಯರ ನಂಬಿಕೆಗೆ ತೇಪೆ ಹಾಕುವುದು ಹೇಗೆ? ಮುಂದಿನ ಹುಳುಗಳು ಹಿಡಿದದ್ದು ಈ ದಾರಿಯನ್ನೇ.

1999ರ ಮಾರ್ಚ್ 26ರಂದು 'ಮೆಲಿಸ್ಸ' ಕಾಣಿಸಿಕೊಂಡಿತು. ಅದು ಅಡಗಿದ್ದದ್ದು ಸಾಮಾನ್ಯ ವರ್ಡ್ ದಾಖಲೆಯೊಳಗೆ. ಪದೇ ಪದೇ ಮಾಡುವ ಕೆಲಸವನ್ನು ತಾನಾಗಿ ಮಾಡಿಸಲು ವರ್ಡ್ ದಾಖಲೆಯಲ್ಲಿ 'ಮ್ಯಾಕ್ರೊ' ಎಂಬ ಪುಟ್ಟ ಪ್ರೋಗ್ರಾಮುಗಳನ್ನು ಬರೆದಿಡಬಹುದು. ಮೆಲಿಸ್ಸ ಅಂಥದೊಂದು ಮ್ಯಾಕ್ರೊ. ದಾಖಲೆ ತೆರೆದು ಮ್ಯಾಕ್ರೊಗೆ ಅವಕಾಶ ಕೊಟ್ಟೊಡನೆ ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ಮಂದಿಗೆ, ಗಣಕದ ಒಡೆಯನ ಹೆಸರಿನಲ್ಲೇ, 'ನೀವು ಕೇಳಿದ್ದ ದಾಖಲೆ ಇಲ್ಲಿದೆ' ಎಂಬ ಅರ್ಥದ ಪತ್ರ ಹೋಗುತ್ತಿತ್ತು.

ಹಿಂದೆ ನಮ್ಮ ಊರುಗಳಲ್ಲಿ ಅಂಚೆಕಾರ್ಡುಗಳು ಬರುತ್ತಿದ್ದುದನ್ನು ಹಿರಿಯರು ಬಲ್ಲರು. 'ಈ ಕಾರ್ಡನ್ನು ಇಷ್ಟು ಜನಕ್ಕೆ ಬರೆದು ಹಾಕಿದರೆ ಒಳ್ಳೆಯದಾಗುತ್ತದೆ, ಹಾಕದಿದ್ದರೆ ಕೇಡು' ಎಂದು ದೇವರ ಹೆಸರಿನಲ್ಲಿ ಹೆದರಿಸುತ್ತಿದ್ದವು. ಅಲ್ಲಿ ಕಾರ್ಡಿನ ದುಡ್ಡೂ ಕೈಬರಹದ ಬೇಸರವೂ ಸೇರಿ ಸರಪಳಿ ಎಲ್ಲೋ ಒಂದು ಕಡೆ ಕಡಿಯುತ್ತಿತ್ತು. ಹುಳುವಿಗೆ ಖರ್ಚೂ ಇಲ್ಲ, ಬೇಸರವೂ ಇಲ್ಲ. ಒಬ್ಬರಿಂದ 50, ಅವರೆಲ್ಲರೂ ತೆರೆದರೆ 2,500, ಮೂರನೆಯ ಸುತ್ತಿಗೆ 1,25,000 ಪತ್ರಗಳು! ಮೇಲ್ ಸರ್ವರುಗಳು ಏಕೆ ಉಸಿರುಗಟ್ಟಿದವು ಎಂಬುದನ್ನು ಈ ಗುಣಾಕಾರವೇ ಹೇಳುತ್ತದೆ.

ಅದರ ಮುಂದಿನ ವರ್ಷ, 2000ದ ಮೇ 4ರಂದು, ಫಿಲಿಪ್ಪೀನ್ಸ್‌ನಿಂದ 'ಐ ಲವ್ ಯು' ಎಂಬ ತಲೆಬರಹದ ಪತ್ರ ಹೊರಟಿತು. ಬೆಳಗಾದಂತೆ ಒಂದೊಂದೇ ದೇಶದಲ್ಲಿ ಕಚೇರಿಗಳು ತೆರೆದವು. ಹುಳುವೂ ಸೂರ್ಯನ ಜೊತೆ ಪಶ್ಚಿಮಕ್ಕೆ ಸಾಗಿತು. ಬ್ರಿಟನ್ನಿನ ಸಂಸತ್ತಿನ ಕೆಳಮನೆ ತನ್ನ ಇ-ಮೇಲ್ ವ್ಯವಸ್ಥೆಯನ್ನೇ ಮುಚ್ಚಬೇಕಾಯಿತು. ಇದರ ಉಪಾಯ ಬಹಳ ಸರಳ. ಲಗತ್ತಿಸಿದ ಕಡತದ ಹೆಸರಿಗೆ ಎರಡು ಬಾಲಗಳಿದ್ದವು: ಮೊದಲು 'ಟಿಎಕ್ಸ್‌ಟಿ', ಕೊನೆಗೆ 'ವಿಬಿಎಸ್'. ಮೊದಲನೆಯದು ಬರಿಯ ಬರಹದ ಗುರುತು, ಎರಡನೆಯದು ಚಲಾಯಿಸಬಹುದಾದ ಪ್ರೋಗ್ರಾಮಿನ ಗುರುತು. ವಿಂಡೋಸ್ ಸಾಮಾನ್ಯವಾಗಿ ಕೊನೆಯ ಬಾಲವನ್ನು ಮರೆಮಾಡುತ್ತಿದ್ದುದರಿಂದ ಅನೇಕರ ಕಣ್ಣಿಗೆ ಬಿದ್ದದ್ದು ನಿರಪಾಯದ ಪ್ರೇಮಪತ್ರ ಮಾತ್ರ. ತೆರೆದವರ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಅದು ಹೋಯಿತು. ಗಣಕದಲ್ಲಿದ್ದ ಜೆಪೆಗ್ ಚಿತ್ರಗಳ ಜಾಗದಲ್ಲಿ ಹುಳುವಿನ ಪ್ರತಿಗಳು ಕುಳಿತವು. ಎಷ್ಟೋ ಮನೆಗಳ ಫೋಟೋಗಳು ಹೀಗೆ ಕಳೆದುಹೋದವು.

ಮನಿಲಾದ ಓನೆಲ್ ಡಿ ಗುಜ್ಮನ್ ಎಂಬ ತರುಣನ ಮೇಲೆ ಆರೋಪ ಬಂದರೂ ಶಿಕ್ಷೆಯಾಗಲಿಲ್ಲ. ಇಂಥ ಅಪರಾಧಕ್ಕೆ ಅಲ್ಲಿ ಕಾನೂನೇ ಇರಲಿಲ್ಲ. ಜೂನ್ ತಿಂಗಳಲ್ಲಿ ಕಾನೂನು ಬಂತು, ಆದರೆ ಹಿಂದಿನ ಕೃತ್ಯಕ್ಕೆ ಅದು ಅನ್ವಯಿಸಲಿಲ್ಲ. ಹುಳುವನ್ನು ಬರೆದವನು ತಾನೇ ಎಂದು ಆತ ಪತ್ರಕರ್ತರೊಬ್ಬರ ಮುಂದೆ ಒಪ್ಪಿಕೊಂಡದ್ದು 2020ರಲ್ಲಿ ಬೆಳಕಿಗೆ ಬಂತು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದೂ ಅದೇ 2000ದ ಅಕ್ಟೋಬರ್ 17ರಂದು. ಒಡೆಯರ ಅನುಮತಿಯಿಲ್ಲದೆ ಅವರ ಗಣಕಕ್ಕೆ ವೈರಸ್ ಸೇರಿಸುವುದನ್ನು ಅದರ 43ನೆಯ ಕಲಮು ತಪ್ಪೆಂದು ಹೇಳುತ್ತದೆ.

ಜನ ಪ್ರೇಮಪತ್ರಕ್ಕೆ ಮೋಸಹೋಗುವುದನ್ನು ಬಿಟ್ಟಾಗ ಹುಳು ವೇಷ ಬದಲಿಸಿತು. 2004ರ ಜನವರಿಯ 'ಮೈಡೂಮ್' ಬಂದದ್ದು 'ನಿಮ್ಮ ಪತ್ರ ತಲುಪಲಿಲ್ಲ' ಎನ್ನುವ ಯಂತ್ರದ ಸೂಚನೆಯ ರೂಪದಲ್ಲಿ. ಅದು ಕಳಿಸಿದವರ ಹೆಸರನ್ನೂ ಸುಳ್ಳಾಗಿ ನಮೂದಿಸುತ್ತಿತ್ತು. 2014ರಲ್ಲಿ ಪತ್ತೆಯಾದ 'ಇಮೊಟೆಟ್' ಮುಂದೆ ಇನ್ನೂ ಒಂದು ಹೆಜ್ಜೆ ಹೋಯಿತು. ಇಬ್ಬರ ನಡುವೆ ನಿಜವಾಗಿ ನಡೆದಿದ್ದ ಪತ್ರವ್ಯವಹಾರವನ್ನು ಕದ್ದು, ಅದಕ್ಕೆ ಉತ್ತರವೆಂಬಂತೆ ತನ್ನ ದಾಖಲೆಯನ್ನು ಕಳಿಸತೊಡಗಿತು. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಒಟ್ಟಾಗಿ ಅದರ ಸರ್ವರುಗಳನ್ನು ವಶಪಡಿಸಿಕೊಂಡರೂ ಅದೇ ನವೆಂಬರಿನಲ್ಲಿ ಮತ್ತೆ ತಲೆ ಎತ್ತಿತು. ಭಾರತದಲ್ಲಿ ಮದುವೆಯ ಕರೆಯೋಲೆಯ ವೇಷದಲ್ಲಿ ಮೊಬೈಲಿಗೆ ಬರುವ 'ಎಪಿಕೆ' ಕಡತಗಳ ಬಗ್ಗೆ 2024ರಲ್ಲಿ ಪೊಲೀಸರು ಎಚ್ಚರಿಕೆ ಕೊಟ್ಟರು. ವಾಹನ ಬೇರೆ, ಉಪಾಯ ಹಳೆಯದೇ.

ಹಾಗಾದರೆ ನಾವೇನು ಮಾಡಬೇಕು? ಮಾರಿಸ್‌ನ ಹುಳು ಕಲಿಸಿದ್ದು: ಗಣಕ ಮತ್ತು ಫೋನಿನ ತಂತ್ರಾಂಶವನ್ನು ಆಗಾಗ ನವೀಕರಿಸಿ, ಸುಲಭದ ಗುಪ್ತಪದ ಇಡಬೇಡಿ. ಮೆಲಿಸ್ಸ ಕಲಿಸಿದ್ದು: ಅಪೇಕ್ಷಿಸದೆ ಬಂದ ದಾಖಲೆ ಮ್ಯಾಕ್ರೊಗೆ ಅನುಮತಿ ಕೇಳಿದರೆ ಕೊಡಬೇಡಿ. ಇಂಟರ್‌ನೆಟ್ಟಿನಿಂದ ಬಂದ ದಾಖಲೆಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ 2022ರಿಂದ ಮ್ಯಾಕ್ರೊಗಳನ್ನು ತಡೆಯತೊಡಗಿತು. ಪ್ರೇಮಪತ್ರ ಕಲಿಸಿದ್ದು: ಕಡತದ ಹೆಸರಿನ ಕೊನೆಯ ಬಾಲವನ್ನು ಕಾಣುವಂತೆ ಮಾಡಿಕೊಂಡು ನೋಡಿ. ವೈರಸ್ ನಿರೋಧಕ ತಂತ್ರಾಂಶವಿರಲಿ, ಆದರೆ ನಿನ್ನೆ ಹುಟ್ಟಿದ ಹುಳುವನ್ನು ಅದು ಇನ್ನೂ ಗುರುತಿಸದಿರಬಹುದು ಎಂಬುದು ನೆನಪಿರಲಿ. ಮುಖ್ಯ ಕಡತಗಳ ಒಂದು ಪ್ರತಿಯನ್ನು ಗಣಕದಿಂದ ಬೇರ್ಪಡಿಸಿ ಇಡಿ. ಸೋಂಕು ತಗುಲಿದೆ ಎನಿಸಿದರೆ ಜಾಲದ ಸಂಪರ್ಕ ಕಡಿದುಹಾಕಿ, ಪರಿಚಿತರಿಗೆ ಫೋನಿನಲ್ಲಿ ತಿಳಿಸಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಎಲ್ಲಕ್ಕಿಂತ ಮೊದಲಿನದು ಇನ್ನೊಂದಿದೆ, ಅದಕ್ಕೆ ಯಂತ್ರವೇ ಬೇಡ. ಬಂದ ಕಡತ ನೀವು ಕೇಳಿದ್ದಲ್ಲವಾದರೆ, ಕಳಿಸಿದವರನ್ನು ಬೇರೆ ದಾರಿಯಲ್ಲಿ ಒಮ್ಮೆ ವಿಚಾರಿಸಿ. ಇದರಲ್ಲಿ ಅವಿಶ್ವಾಸವೇನೂ ಇಲ್ಲ. ಅವರ ಹೆಸರನ್ನು ಬೇರೆಯವರು ದುರ್ಬಳಕೆ ಮಾಡದಂತೆ ಕಾಯುವ ಮರ್ಯಾದೆ ಅದು.

ಮೇಷ್ಟರು ಆ ಟಿಪ್ಪಣಿಗಳನ್ನು ಮತ್ತೆ ಟೈಪ್ ಮಾಡಲು ಕುಳಿತರು, ಅರ್ಧದಷ್ಟಾದವು. ಅಂದಿನಿಂದ ನಾನು ಏನೇ ಕಳಿಸಿದರೂ ಅವರು ಮೊದಲು ಫೋನ್ ಮಾಡಿ "ಇದು ನೀನೇ ಕಳಿಸಿದ್ದೇನಪ್ಪಾ?" ಎಂದು ಕೇಳುತ್ತಿದ್ದರು. ಕೇಳಿದಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಈಗ ಅದೇ ಪ್ರಶ್ನೆಯನ್ನು ನಾನು ಎಲ್ಲರಿಗೂ ಕೇಳುತ್ತೇನೆ. ನೀವೂ ಕೇಳಿ.